ಎರಡು ಬೆರಳು, ಒಂದು ಬಾಟಲಿ ಮೇಪಲ್

ಮೈನಸ್ ಹದಿನೆಂಟು ಡಿಗ್ರಿ!

ಸಿಂಗಪುರದಲ್ಲಿ ಇಪ್ಪತ್ತೆರಡು ವರ್ಷ ಬೆವರು ಒರೆಸಿಕೊಂಡೇ ಬದುಕಿದ ಮನುಷ್ಯ ನಾನು. ಚಳಿಯಿಂದ ಸಾಯುತ್ತೇನೆ ಎಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಬುಕಿತ್ ಬಾಟೋಕ್‌ನ ಇಂಡಸ್ಟ್ರಿಯಲ್ ಬಿಲ್ಡಿಂಗು. ಐದನೇ ಮಹಡಿ. ಸಿಹಿತಿಂಡಿ ಮಾಡುವ ಅಡುಗೆಮನೆಯೊಂದರ ಫ್ರೀಜರ್ ಕೋಣೆ. ಅದರೊಳಗೆ ನಾನು... ಅರ್ಧ ತೋಳಿನ ಶರ್ಟು, ಕಾಲಿಗೆ ಚಪ್ಪಲಿ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಒಳಗಿನಿಂದ ತೆರೆಯಲು ಒಂದು ಹಿಡಿ ಇತ್ತು. ಜೋರಾಗಿ ಎಳೆದೆ. ಹಿಡಿ ಕೈಗೆ ಬಂತು. ಬಾಗಿಲು ಬರಲಿಲ್ಲ.

ಬಾಗಿಲಲ್ಲಿ ಅಂಗೈಯಗಲದ ಗಾಜು. ಗಾಜಿನಾಚೆ ಕಿಟ್ಟಿಯ ಮುಖ. ಕಿಟ್ಟಿ ಮೈಸೂರಿನವನು, ಈ ಅಡುಗೆಮನೆಯ ಯಜಮಾನ. ಮುಖ ಕಡುಬಿನಂತೆ ದುಂಡಗಿದ್ದರೂ ಕಣ್ಣಲ್ಲಿ ಕೊಲೆ ಇತ್ತು. ಅವನ ಮಾತು ದಪ್ಪ ಬಾಗಿಲನ್ನು ದಾಟಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

“ಯಾರು ಕಳ್ಸಿದ್ದು ನಿನ್ನ?”

“ಯಾರೂ ಇಲ್ಲ.”

“ಹಾಗಾದ್ರೆ ಅಲ್ಲೇ ಇರು.”

ನನ್ನ ಸುತ್ತ ತಟ್ಟೆ ತಟ್ಟೆ ಮೇಪಲ್ ಕುಲ್ಫಿ. ಮೇಪಲ್ ಹೋಳಿಗೆ. ಮೇಪಲ್ ಪಾಕ್. ಕೆನಡಾದ ಯಾವುದೋ ಮರದ ರಸವನ್ನು ನಮ್ಮ ಜನ ಇಷ್ಟು ವಿಧದಲ್ಲಿ ಕೆಡಿಸಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ನನಗೆ ಸಿಹಿ ಆಗದು. ದಾವಣಗೆರೆಯವನು, ಮೆಣಸಿನಕಾಯಿ ತಿಂದು ಬೆಳೆದ ದೇಹ. ಸಿಹಿಯ ನಡುವೆ ಸಾಯುವುದಕ್ಕಿಂತ ದೊಡ್ಡ ಅವಮಾನ ನಮ್ಮ ವಂಶದಲ್ಲಿ ಇನ್ನೊಂದಿಲ್ಲ.

ಹೇಗೆ ಬಂದು ಬಿದ್ದೆ ಅಲ್ಲಿ? ಕೇಳಿ.

ಹೆಸರು ಯೋಗೇಶ. ಮೊದಲು ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುತ್ತಿದ್ದೆ. ಈಗ ಸ್ವಂತ ಕಸುಬು. ಪೊಲೀಸರ ತನಕ ಒಯ್ಯಲಾಗದ, ನೆಂಟರಿಗೂ ಹೇಳಲಾಗದ ತಾಪತ್ರಯಗಳು ಇಲ್ಲಿನ ಕನ್ನಡದವರಿಗೂ ಇರುತ್ತವೆ. ಅವು ನನ್ನ ಫೋನಿಗೆ ಬರುತ್ತವೆ.

ಸೋಮವಾರ ಬಂದದ್ದು ಅಕ್ಷಿತಾಳ ತಾಪತ್ರಯ. ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರಲ್ಲಿ ಕೆಲಸ. ಊಟದ ಹೊತ್ತಿನಲ್ಲಿ ಎಂಆರ್‌ಟಿ ರೈಲು ಸ್ಟೇಷನ್ನಿನ ಬಾಗಿಲ ಪಕ್ಕ ನಿಂತಿದ್ದಳು. ಕೈಯಲ್ಲಿ ಸಲಾಡ್ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ಕಣ್ಣು ಕೆಂಪಗಿತ್ತು.

“ಅಂಕಲ್, ನಮ್ಮಪ್ಪಂಗೆ ಯಾರೋ ಸ್ವೀಟ್ ಸಪ್ಲೈ ಮಾಡ್ತಿದಾರೆ.”

ನಕ್ಕೆ. ಅವಳು ನಗಲಿಲ್ಲ. ಫೋನು ತೆಗೆದು ತೋರಿಸಿದಳು.

ಅವಳ ಅಪ್ಪ ರಘುರಾಮ. ಉಡುಪಿ ಕಡೆಯವರು, ವಯಸ್ಸು ಅರವತ್ತೆಂಟು. ಮೂವತ್ತೆರಡು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವರು. ಈಗ ಹೆಂಡತಿ ವಿಮಲಾ ಜೊತೆ ಚೋವಾ ಚು ಕಾಂಗ್‌ನ ಫ್ಲ್ಯಾಟಿನಲ್ಲಿದ್ದಾರೆ. ಕೆನಡಾದ ಬಂದರುಗಳಲ್ಲಿ ಮೇಪಲ್ ರುಚಿ ಹತ್ತಿಸಿಕೊಂಡು ಬಂದು ಅದನ್ನು ಇಲ್ಲಿನ ಅರ್ಧ ಕನ್ನಡದವರಿಗೆ ಅಂಟಿಸಿದ ಪುಣ್ಯಾತ್ಮ ಇವರೇ. ಮಗಳ ಮದುವೆಗೆ ಲಾಡು ಬೇಡ ಎಂದು ಹಟ ಹಿಡಿದು ಮೇಪಲ್ ಪಾಕ್ ಹಂಚಿದವರು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಬಲಗಾಲಲ್ಲಿ ಗಾಯವಾಯಿತು. ನಾಲ್ಕು ತಿಂಗಳಾದರೂ ಒಣಗಲಿಲ್ಲ.

ತೋಳಿಗೆ ಒಂದು ಸೆನ್ಸರ್ ಅಂಟಿಸಿದ್ದರು. ರಕ್ತದ ಸಕ್ಕರೆ ಗಳಿಗೆಗಳಿಗೆಗೂ ಮಗಳ ಫೋನಿಗೆ ಗೀಟಾಗಿ ಬರುತ್ತಿತ್ತು. ಗೀಟು ಹದಿಮೂರು ಹದಿನಾಲ್ಕು ದಿನ ಹೊಲದ ಬದುವಿನಂತೆ ಚಪ್ಪಟೆ. ಇದ್ದಕ್ಕಿದ್ದಂತೆ ಒಂದು ದಿನ ಗುಡ್ಡ! ಮತ್ತೆ ಚಪ್ಪಟೆ. ಮತ್ತೆ ಗುಡ್ಡ. ಒಮ್ಮೆ ಮಂಗಳವಾರ, ಒಮ್ಮೆ ಶನಿವಾರ... ಲೆಕ್ಕಕ್ಕೇ ಸಿಗದು.

ಡಾಕ್ಟರು ಕೊನೆಯ ಗಡುವು ಕೊಟ್ಟಿದ್ದರು. ಬರುವ ಶುಕ್ರವಾರದೊಳಗೆ ಇನ್ನೊಂದು ಗುಡ್ಡ ಎದ್ದರೆ ಕಾಲಿನ ಎರಡು ಬೆರಳು ತೆಗೆಯಬೇಕು. ಅಲ್ಲಿಗೇ ನಿಲ್ಲುತ್ತದೆ ಎಂಬ ಭರವಸೆಯೂ ಇಲ್ಲ.

ಮನೆಯಲ್ಲಿ ಏನಿದೆ ಎಂದು ಕೇಳಿದೆ. ಏನೂ ಇಲ್ಲವಂತೆ. ಆರು ತಿಂಗಳ ಹಿಂದೆ ವಿಮಲಾ ಸಕ್ಕರೆ, ಬೆಲ್ಲ, ಜೇನು ಎಲ್ಲವನ್ನೂ ಎತ್ತಿ ಕಸದ ಕೊಳವೆಗೆ ಸುರಿದಿದ್ದರು. ಜೈಲಿಗಿಂತ ಬಿಗಿ. ಪ್ರತಿ ಗುಡ್ಡ ಎದ್ದಾಗಲೂ ಮಗಳು ಫೋನ್ ಮಾಡುತ್ತಾಳೆ. ಪ್ರತಿ ಸಲವೂ ತಾಯಿಯದು ಒಂದೇ ಉತ್ತರ. ಇವತ್ತು ಅವರು ಒಂದು ಅಗುಳು ಸಹ ತಿಂದಿಲ್ಲ, ನಾನೇ ಸಾಕ್ಷಿ, ಆ ಮಿಷನ್ನೇ ಕೆಟ್ಟಿದೆ.

“ಅಮ್ಮ ಸುಳ್ಳು ಹೇಳಲ್ಲ ಅಂಕಲ್. ಸೋ, ಅಮ್ಮನ ಕಣ್ಣು ತಪ್ಪಿಸಿ ಯಾರೋ ಕೊಡ್ತಿದಾರೆ. ಹಿಡಿದುಕೊಡಿ.”

ಕೇಸು ಸುಲಭ ಅನ್ನಿಸಿತು. ಮುದುಕರು, ಮಿಠಾಯಿ. ನನ್ನ ಬುದ್ಧಿಗೆ ಒಂದು ದಿನ ಸಾಕು ಎಂದುಕೊಂಡೆ. ನನ್ನ ಬುದ್ಧಿಯ ವಿಷಯದಲ್ಲಿ ನಾನು ಯಾವಾಗಲೂ ಸ್ವಲ್ಪ ಉದಾರಿ.

ಮಂಗಳವಾರ ಇಡೀ ದಿನ ರಘುರಾಮರ ಹಿಂದೆ ಅಲೆದೆ. ಕೋಲೂರಿಕೊಂಡು ಬ್ಲಾಕಿನ ಕೆಳಗಿನ ತೆರೆದ ಜಾಗಕ್ಕೆ, ವಾಯ್ಡ್ ಡೆಕ್‌ಗೆ ಇಳಿದರು. ಪೇಪರ್ ಓದಿದರು. ಬೆಕ್ಕಿಗೆ ಬೈದರು. ಮೇಲೆ ಹೋದರು. ಅಷ್ಟೇ.

ಬುಧವಾರ ಸಂಜೆ ದ್ವಾರಕನಾಥ್ ಕಾಣಿಸಿಕೊಂಡರು. ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು, ಅದೇ ಬ್ಲಾಕಿನವರು. ಮಂಡಿ ಕೆಟ್ಟು ಬ್ಯಾಟರಿ ಗಾಡಿಯಲ್ಲಿ ಓಡಾಡುತ್ತಾರೆ. ಗಾಡಿಯನ್ನು ರಘುರಾಮರ ಪಕ್ಕ ತಂದು ನಿಲ್ಲಿಸಿದರು. ಆಚೆ ಈಚೆ ನೋಡಿದರು. ಚೀಲದಿಂದ ಕೆಂಪು ಬಣ್ಣದ ತಗಡಿನ ಡಬ್ಬಿಯೊಂದನ್ನು ತೆಗೆದರು. ರಘುರಾಮ ಮುಚ್ಚಳ ಬಿಚ್ಚಿ ಮುಖವನ್ನೇ ಅದರೊಳಗೆ ಇಳಿಸಿದರು!

ಕಂಬದ ಮರೆಯಿಂದ ಹೊರಗೆ ಬಂದೆ.

ಮೇಷ್ಟ್ರು ನನ್ನನ್ನು ನೋಡಿದರು. ಡಬ್ಬಿ ಕಿತ್ತುಕೊಂಡರು. ಗಾಡಿ ಬುರ್ರೆಂದಿತು.

ನಗಬೇಡಿ. ನಾನು ಮೋಟಾರ್‌ಬೈಕ್ ಹಿಂದೆ ಓಡಿದವನು, ಕಳ್ಳನಿಗಾಗಿ ಕಾಲುವೆಗೆ ಹಾರಿದವನು. ಎಪ್ಪತ್ತೆರಡು ವರ್ಷದ ಮೇಷ್ಟ್ರ ಬ್ಯಾಟರಿ ಗಾಡಿ ನನಗೆ ನೀರು ಕುಡಿಸಿತು. ಮಕ್ಕಳ ಜಾರುಬಂಡೆ ಸುತ್ತಿದರು. ಒಣಹಾಕಿದ್ದ ಬಟ್ಟೆಯ ಕೆಳಗೆ ನುಗ್ಗಿದರು. ನನ್ನ ಮುಖಕ್ಕೆ ಯಾರದೋ ಒದ್ದೆ ಲುಂಗಿ ಬಡಿಯಿತು. ಇಳಿಜಾರಿನಲ್ಲಿ ಹಾರ್ನ್ ಬೇರೆ ಹೊಡೆದರು. ಕೊನೆಗೆ ಲಿಫ್ಟಿನ ಬಾಗಿಲು ಮುಚ್ಚುವಾಗ ಚಪ್ಪಲಿ ಕಾಲು ತೂರಿಸಿ ಒಳಗೆ ಬಿದ್ದೆ.

“ಡಬ್ಬಿ ಕೊಡಿ ಸಾರ್.”

ಕೊಟ್ಟರು. ತೆರೆದೆ. ಖಾಲಿ.

ಒಂದು ಚೂರೂ ಇರಲಿಲ್ಲ. ಬರೀ ವಾಸನೆ... ಸುಟ್ಟ ಬೆಲ್ಲದ್ದು, ಹಸಿ ಸೌದೆಯದ್ದು, ಎರಡೂ ಸೇರಿದ್ದು.

ಮೇಷ್ಟ್ರು ಏದುಸಿರು ಬಿಡುತ್ತ ಹೇಳಿದರು. ದೀಪಾವಳಿಗೆ ಬಂದ ಮಿಠಾಯಿ ಡಬ್ಬಿಯಂತೆ. ಮಿಠಾಯಿಯನ್ನು ಇವರ ಮನೆಯವರೇ ತಿಂದು ಮುಗಿಸಿದ್ದರು. ವಾಸನೆ ಹೋಗಬಾರದೆಂದು ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ವಾರಕ್ಕೊಮ್ಮೆ ಗೆಳೆಯನಿಗೆ ತಂದು ಮೂಸಿಸುತ್ತಿದ್ದರು.

“ಮೂಸಿದ್ರೆ ಶುಗರ್ ಏರಲ್ಲ ಕಣ್ರಿ. ನಾನು ಫಿಸಿಕ್ಸ್ ಮೇಷ್ಟ್ರು.”

ನಾಚಿಕೆಯಾಯಿತು, ನಿಜ ಹೇಳುತ್ತೇನೆ. ಆದರೂ ಕಸುಬು ಕಸುಬೇ. ಡಬ್ಬಿಯ ತಳದಲ್ಲಿ ಒಂದು ಚೀಟಿ ಅಂಟಿತ್ತು. ಕಿಟ್ಟಿಯ ಅಡುಗೆಮನೆ, ಬುಕಿತ್ ಬಾಟೋಕ್. ಸಂಪೂರ್ಣ ಸಸ್ಯಾಹಾರಿ, ಮೊಟ್ಟೆ ಸೋಕದ ಪಾತ್ರೆಗಳು.

ಗುರುವಾರ ಬೆಳಗ್ಗೆ ಅಲ್ಲಿಗೆ ಹೋದೆ. ಸಿರಪ್ಪಿನ ಕ್ಯಾನುಗಳ ಫೋಟೋ ತೆಗೆಯುವಾಗ ಸಿಕ್ಕಿಬಿದ್ದೆ. ಹಿಂದಿನ ವರ್ಷ ಎದುರಾಳಿ ಕೇಟರರ್ ಒಬ್ಬ ಕಿಟ್ಟಿಯ ಮೇಪಲ್ ಪಾಕನ್ನು ನಕಲು ಮಾಡಿದ್ದನಂತೆ. ನಾನು ಅವನ ಗೂಢಚಾರ ಎಂದು ಕಿಟ್ಟಿ ತೀರ್ಮಾನಿಸಿದ. ಕತ್ತು ಹಿಡಿದು ಫ್ರೀಜರಿಗೆ ನೂಕಿದ.

ಈಗ ಗೊತ್ತಾಯಿತಲ್ಲ? ಅಲ್ಲಿದ್ದೆ ನಾನು.

ಆರು ನಿಮಿಷ ಕಳೆದಿತ್ತು. ಕಿವಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಫೋನಿಗೆ ಸಿಗ್ನಲ್ ಇರಲಿಲ್ಲ. ಬಡಿದೆ, ಕೂಗಿದೆ. ಪ್ರಯೋಜನವಾಗಲಿಲ್ಲ. ಕಿಟ್ಟಿ ಕುರ್ಚಿ ತಂದು ಹಾಕಿಕೊಂಡ.

ಆಗ ಆ ಚೀಟಿ ನೆನಪಾಯಿತು. ಮೊಟ್ಟೆ ಸೋಕದ ಪಾತ್ರೆಗಳು!

ಒಂದು ಕುಲ್ಫಿ ತೆಗೆದೆ. ಗಾಜಿನ ಮುಂದೆ ಹಿಡಿದೆ. ನಿಧಾನಕ್ಕೆ ಕಾಗದ ಬಿಚ್ಚಿದೆ. ಉದ್ದಕ್ಕೂ ಒಂದು ಸಲ ನೆಕ್ಕಿದೆ. ಮತ್ತೆ ಕಾಗದ ಸುತ್ತಿ ತಟ್ಟೆಯಲ್ಲಿ ಉಳಿದವುಗಳ ನಡುವೆ ಇಟ್ಟೆ.

ಕಿಟ್ಟಿ ಕುರ್ಚಿಯಿಂದ ಎದ್ದ.

“ನಾನೂರು ಕುಲ್ಫಿ ಇದೆ ಕಿಟ್ಟಿ. ನನಗೆ ಟೈಮ್ ಇದೆ.”

“ಏಯ್... ಎಂಜಲು ಮಾಡ್ಬೇಡ.”

ಎರಡನೆಯದನ್ನು ಕೈಗೆ ತೆಗೆದುಕೊಂಡೆ. ಭಾನುವಾರ ಉಪನಯನವೊಂದರ ಆರ್ಡರು, ಇನ್ನೂರು ಜನ ವೈದಿಕರು ಬರುತ್ತಾರೆ ಎಂದು ಅವನು ಬೇಡಿಕೊಂಡ. ಬಾಯಿ ತೆರೆದೆ. ಅವನು ಬಾಗಿಲು ತೆರೆದ.

ಪಿಸ್ತೂಲು, ಚಾಕು ಎಲ್ಲ ಸುಮ್ಮನೆ. ನಮ್ಮವರನ್ನು ಬಗ್ಗಿಸಲು ಒಂದು ನಾಲಗೆ ಸಾಕು.

ಆದರೆ ಕುಲ್ಫಿ... ಹಾಳಾದ್ದು, ಚೆನ್ನಾಗಿತ್ತು. ಮೆಣಸಿನಕಾಯಿ ವಂಶಸ್ಥನಾದ ನಾನು ಎರಡನೆಯದನ್ನು ವಾಪಸು ಇಡಲಿಲ್ಲ.

ಬಿಸಿ ಕಾಫಿ ಕುಡಿಸಿದ ಮೇಲೆ ಕಿಟ್ಟಿ ಮನುಷ್ಯನಾದ. ರಘುರಾಮರ ಹೆಸರು ಹೇಳಿದ ತಕ್ಷಣ ಕೈ ಮುಗಿದ. ಈ ಎಲ್ಲ ತಿಂಡಿ ಕಲಿಸಿಕೊಟ್ಟವರು ಅವರೇ, ಅಕ್ಷಿತಾ ಆರು ತಿಂಗಳ ಹಿಂದೆಯೇ ಬಂದು ಎಚ್ಚರಿಸಿ ಹೋಗಿದ್ದಾಳೆ, ಗುರುವಿಗೆ ವಿಷ ಹಾಕುವ ಪೈಕಿ ನಾನಲ್ಲ ಎಂದ. ಕಣ್ಣು ಸುಳ್ಳು ಹೇಳುತ್ತಿರಲಿಲ್ಲ.

“ಅವರ ಮನೆಗೆ ಇಲ್ಲಿಂದ ಏನೂ ಹೋಗಲ್ವಾ?”

“ಒಂದು ಚೂರು ಸ್ವೀಟ್ ಇಲ್ಲ. ವಿಮಲಾ ಆಂಟಿ ಬಂದು ಸಿರಪ್ ಬಾಟಲಿ ಒಯ್ತಾರೆ, ಅಷ್ಟೇ. ಅದು ದೇವರಿಗಂತೆ.”

ಕಾಫಿ ಲೋಟ ಕೆಳಗಿಟ್ಟೆ.

“ಯಾವಾಗ?”

“ಏಕಾದಶಿ ಹಿಂದಿನ ದಿನ. ಅಂಗಡಿ ಬಾಟಲಿ ಆಗಲ್ಲ ಅವರಿಗೆ, ಯಾರು ಯಾರೋ ಮುಟ್ಟಿರ್ತಾರೆ ಅಂತಾರೆ.”

“ಕೊನೇ ಸಲ ಬಂದಿದ್ದು?”

“ನಿನ್ನೆ.”

ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿತ್ತು. ಅಕ್ಷಿತಾ ಕಳಿಸಿದ್ದ ಗುಡ್ಡಗಳ ತಾರೀಖುಗಳನ್ನು ಫೋನಿನಲ್ಲಿ ತೆರೆದು ಒಂದೊಂದಾಗಿ ತಾಳೆ ನೋಡಿದೆ. ಮಂಗಳವಾರದ ಗುಡ್ಡ... ಏಕಾದಶಿ. ಶನಿವಾರದ ಗುಡ್ಡ... ಏಕಾದಶಿ. ಹನ್ನೆರಡು ಗುಡ್ಡ, ಹನ್ನೆರಡು ಏಕಾದಶಿ! ಇಂಗ್ಲಿಷ್ ತಾರೀಖು ನೋಡಿ ಬದುಕುವ ಮಗಳಿಗೆ ಇದು ಹೇಗೆ ಕಾಣಬೇಕು? ಉಪವಾಸದ ದಿನ ಸಕ್ಕರೆ ಏರುತ್ತದೆ ಎಂದು ಯಾವ ಡಾಕ್ಟರ್ ಯೋಚಿಸುತ್ತಾನೆ?

ಮನೆಯಲ್ಲಿ ಒಲೆಯೇ ಉರಿಯದ ದಿನ. ಯಾರೂ ಅನುಮಾನಿಸದ ದಿನ.

ಇವತ್ತಿನ ಚೌಕದಲ್ಲೂ ಅದೇ ಪದ ಇತ್ತು. ಸಮಯ ಹನ್ನೆರಡು ಗಂಟೆ ಐದು ನಿಮಿಷ.

ಅಕ್ಷಿತಾಗೆ ಫೋನ್ ಮಾಡಿದೆ. ಮೀಟಿಂಗ್. ಮನೆಗೆ ಮಾಡಿದೆ. ರಿಂಗಾಗಿ ನಿಂತಿತು. ಮಧ್ಯಾಹ್ನದ ಪೂಜೆ ಮುಗಿಯುವ ತನಕ ಆಂಟಿ ಫೋನ್ ಮುಟ್ಟುವುದಿಲ್ಲ ಎಂದ ಕಿಟ್ಟಿ. ಪೂಜೆ ಮುಗಿಯುವುದು ಹನ್ನೆರಡೂವರೆಗೆ. ಆಮೇಲೆ ತೀರ್ಥ. ಆಮೇಲೆ?

ಓಡಿದೆ.

ಬುಕಿತ್ ಬಾಟೋಕ್‌ನಿಂದ ಚೋವಾ ಚು ಕಾಂಗ್ ಎರಡೇ ಸ್ಟಾಪು. ರೈಲು ಬರುವುದಕ್ಕೆ ಐದು ನಿಮಿಷ ಎಂದು ಬೋರ್ಡು ತೋರಿಸಿತು. ನನ್ನ ಜೀವನದಲ್ಲಿ ಅಷ್ಟು ಉದ್ದದ ಐದು ನಿಮಿಷ ಫ್ರೀಜರಿನಲ್ಲೂ ಇರಲಿಲ್ಲ. ಇಳಿದ ಮೇಲೆ ಶಾಲೆ ಮಕ್ಕಳ ಗುಂಪನ್ನು ಸೀಳಿಕೊಂಡು ಓಡಿದೆ. “ಅಂಕಲ್, ಸ್ಲೋ ಲಾಹ್” ಎಂದು ಯಾವುದೋ ಹುಡುಗಿ ಬುದ್ಧಿ ಹೇಳಿದಳು. ಲಿಫ್ಟು ಹನ್ನೊಂದನೇ ಮಹಡಿಗೆ ಹೋಗುವಷ್ಟರಲ್ಲಿ ಮೂರು ಕಡೆ ನಿಂತಿತು.

ಬಾಗಿಲು ತೆರೆದೇ ಇತ್ತು. ಎಷ್ಟೇ ಅವಸರವಿದ್ದರೂ ಚಪ್ಪಲಿ ಹೊರಗೆ ಬಿಟ್ಟೆ. ಏನು ಮಾಡುವುದು, ಬೆಳೆದ ರೀತಿ!

ಒಳಗೆ ತುಪ್ಪದ ದೀಪ. ದೇವರ ಮುಂದೆ ರಘುರಾಮ ಮಣೆಯ ಮೇಲೆ ಕೂತಿದ್ದರು. ಹಣೆಗೆ ಗೋಪಿಚಂದನ, ಬಲಗಾಲಿಗೆ ಬ್ಯಾಂಡೇಜು, ಮುಖದಲ್ಲಿ ಮಹರ್ಷಿಯ ಶಾಂತಿ. ವಿಮಲಾ ಒದ್ದೆ ಸೀರೆಯುಟ್ಟು ಬೆಳ್ಳಿ ಲೋಟ ಹಿಡಿದು ಬಗ್ಗುತ್ತಿದ್ದರು. ಲೋಟದಲ್ಲಿ ಜೇನುಬಣ್ಣದ ಪಾನಕ, ಮೇಲೆ ತುಳಸಿ ಎಲೆ, ಏಲಕ್ಕಿ ಘಮ.

“ನಿಲ್ಲಿಸಿ ಆಂಟಿ.”

“ಯಾರು ನೀವು? ಮಡಿಯಲ್ಲಿದ್ದೇನೆ, ಹತ್ತಿರ ಬರಬೇಡಿ.”

ಹತ್ತಿರ ಹೋದೆ. ಲೋಟದ ಅಂಚಿಗೆ ಬೆರಳು ತಾಗಿಸಿದೆ. ಅಷ್ಟೇ ಸಾಕಾಯಿತು. ಬೆಳಗ್ಗಿನಿಂದ ಇದು ನನ್ನ ಎರಡನೇ ಮೈಲಿಗೆ.

ರಘುರಾಮರ ಕಣ್ಣು ಮಾತ್ರ ಲೋಟವನ್ನು ಬಿಟ್ಟು ಕದಲಲಿಲ್ಲ.

ಯಾರು, ಯಾಕೆ ಬಂದೆ ಎಂದು ಹೇಳಿದೆ. ವಿಮಲಾ ಸಿಟ್ಟಾದರು. ನಲವತ್ತೊಂದು ವರ್ಷ ನೀರು ಸಹ ಅಳೆದು ಕುಡಿದು ಏಕಾದಶಿ ಮಾಡಿದ ಹೆಂಗಸು ನಾನು, ಗಂಡನಿಗೆ ಸಕ್ಕರೆ ಕೊಡುತ್ತೇನೆಯೇ ಎಂದು ಕೇಳಿದರು. ಮಾತ್ರೆ ನುಂಗಿ ಉಪವಾಸ ಕೂತರೆ ತಲೆ ತಿರುಗಿ ಬೀಳುತ್ತಾರೆ ಎಂಬ ಭಯಕ್ಕೆ ಈ ಪಾನಕ. ಇದು ಧಾನ್ಯ ಅಲ್ಲ, ಕಬ್ಬಲ್ಲ, ಬೆಲ್ಲವೂ ಅಲ್ಲ. ಎಳನೀರಿದ್ದ ಹಾಗೆ ಮರದೊಳಗಿನ ನೀರು. ಆ ದೇಶದ ಡಾಕ್ಟರುಗಳೇ ಸಕ್ಕರೆ ಕಾಯಿಲೆಯವರಿಗೆ ಕೊಡುತ್ತಾರಂತೆ.

“ಯಾರು ಹೇಳಿದ್ದು ಆಂಟಿ?”

ಅವರು ಗಂಡನ ಕಡೆ ನೋಡಿದರು. ಗಂಡ ಫ್ಯಾನಿನ ಕಡೆ ನೋಡಿದರು.

ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲಿತ್ತು. ತಂದು ಹಿಂಬದಿಯ ಸಣ್ಣ ಅಕ್ಷರ ಓದಿದೆ. ನಾಲ್ಕು ದೊಡ್ಡ ಚಮಚಕ್ಕೆ ಐವತ್ತು ಗ್ರಾಂಗೂ ಮೇಲೆ ಸಕ್ಕರೆ. ಲೋಟಕ್ಕೆ ಎಷ್ಟು ಹಾಕುತ್ತೀರಿ ಎಂದು ಕೇಳಿದೆ. ಅರ್ಧ ಲೋಟ ಎಂದರು. ಫೋನಿನಲ್ಲಿ ಗುಡ್ಡಗಳನ್ನು ತೋರಿಸಿದೆ. ತಾರೀಖು ಬೇಡ, ತಿಥಿ ಹೇಳಿದೆ. ಕಾಮಿಕಾ, ಪುತ್ರದಾ, ಅಜಾ... ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಲೋಟವನ್ನು ನಿಧಾನಕ್ಕೆ ಕೆಳಗಿಟ್ಟರು.

“ನನ್ನ ಕೈಯಿಂದಲೇ ಇದನ್ನು ಮಾಡಿಸಿದ್ರಾ?”

ರಘುರಾಮ ಬಾಯಿಬಿಟ್ಟರು. ಇಪ್ಪತ್ತಾರನೇ ವಯಸ್ಸು, ಮೊದಲ ಹಡಗು. ಕೆನಡಾದ ಬಂದರು, ಮಂಡಿ ಮಟ್ಟ ಹಿಮ. ಭಾಷೆ ಬಾರದು, ಊರ ನೆನಪಲ್ಲಿ ಅಳು. ದಕ್ಕೆಯ ಹತ್ತಿರ ಒಬ್ಬ ಮುದುಕಿ ಕುದಿಯುವ ರಸವನ್ನು ಹಿಮದ ಮೇಲೆ ಸುರಿದು, ಕಡ್ಡಿಗೆ ಸುತ್ತಿ, ದುಡ್ಡು ಕೇಳದೆ ಕೈಗಿಟ್ಟಳಂತೆ.

“ನಮ್ಮೂರ ತಾಳೆಯ ಓಲೆ ಬೆಲ್ಲದ ರುಚಿ ಮಾರಾಯ್ತಿ. ಅಮ್ಮ ಕೊಟ್ಟ ಹಾಗೆ. ಎಲ್ಲ ಬಿಟ್ಟೆ ನಾನು, ಇದೊಂದು ಬಿಡ್ಲಿಕ್ಕೆ ಆಗ್ಲಿಲ್ಲ.”

ಸುಳ್ಳಿರಲಿಲ್ಲ ಅದರಲ್ಲಿ. ಹಲ್ಲು ಉದುರುವ ಚಳಿಯಲ್ಲಿ ಅದೇ ರುಚಿ ನೋಡಿ ಬಂದಿದ್ದೆನಲ್ಲ, ನನಗೂ ಅರ್ಥವಾಯಿತು. ಆದರೂ ಈ ಮನುಷ್ಯ ಮಾಡಿದ್ದೇನು ನೋಡಿ! ಹೆಂಡತಿ ಸಕ್ಕರೆ ಎಸೆದ ವಾರವೇ ಭಕ್ತನಾಗಿದ್ದ. ಜನ್ಮದಲ್ಲಿ ಉಪವಾಸ ಮಾಡದ ಹಡಗಿನ ಭಟ್ಟ ಹದಿನೈದು ದಿನಕ್ಕೊಮ್ಮೆ ಗೋಪಿಚಂದನ ಹಚ್ಚಿ ಕೂತಿದ್ದು ಈ ಒಂದು ಲೋಟಕ್ಕಾಗಿ.

ವಿಮಲಾ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

“ನಲವತ್ತೊಂದು ವರ್ಷ ದೇವರ ಹತ್ರ ಒಂದೇ ಕೇಳಿದ್ದು ನಾನು. ಇವರಿಗೂ ಒಂದು ಏಕಾದಶಿ ಮಾಡುವ ಬುದ್ಧಿ ಕೊಡು ಅಂತ. ಕೊಟ್ಟ ಅಂತ ಆರು ತಿಂಗಳಿಂದ ತುಪ್ಪದ ದೀಪ ಹಚ್ತಾ ಇದ್ದೇನೆ.”

ಸುಳ್ಳು ಕ್ಲೇಮು ಹಿಡಿದು ಹಿಡಿದು ಒರಟಾದ ಎದೆ ನನ್ನದು. ಆದರೂ ಆ ಕೋಣೆಯಲ್ಲಿ ನಿಲ್ಲುವುದಕ್ಕಿಂತ ಫ್ರೀಜರೇ ಮೇಲು ಅನ್ನಿಸಿತು.

ಅವರು ಎದ್ದರು. ಪಾನಕವನ್ನು ಸಿಂಕಿಗೆ ಸುರಿದರು. ಬಾಟಲಿಯನ್ನೂ ಸುರಿದರು. ರಘುರಾಮರ ಬಾಯಿಂದ ಒಂದು ಸಣ್ಣ ದನಿ ಹೊರಟಿತು. ಆಮೇಲೆ ವಿಮಲಾ ದೇವರ ಮುಂದೆ ಒಂದು ಗಳಿಗೆ ಕೈಮುಗಿದು ನಿಂತು, ಅಡುಗೆಮನೆಗೆ ಹೋಗಿ, ಒಲೆ ಹಚ್ಚಿದರು.

“ಎಂತ ಮಾಡ್ತೀಯಾ?” ರಘುರಾಮ ಗಾಬರಿಯಾದರು.

“ಅನ್ನ. ಹಾಗಲಕಾಯಿ ಪಲ್ಯ.”

“ಇವತ್ತು ಏಕಾದಶಿ ಅಲ್ವಾ?”

“ನನಗೆ. ನಿಮಗೆ ಇನ್ನು ಏಕಾದಶಿ ಇಲ್ಲ.”

ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಏಕಾದಶಿಯ ದಿನ ಕುಕ್ಕರ್ ಕೂಗಿತು. ವಿಮಲಾ ಕಣ್ಣು ಮುಚ್ಚಿ ಮೂರು ಸೀಟಿಯನ್ನೂ ಕೇಳಿಸಿಕೊಂಡರು. ಒಂದು ಹಿಡಿ ಕುಚಲಕ್ಕಿ ಅನ್ನ, ಎಣ್ಣೆ ಕಾಣದ ಪಲ್ಯ ಬಡಿಸಿದರು. ತಾವು ಉಪವಾಸವೇ ಇದ್ದು, ಎದುರಿಗೆ ಕೂತು, ಒಂದೊಂದು ತುತ್ತನ್ನೂ ನೋಡಿದರು. ರಘುರಾಮ ತಿಂದರು. ಕಣ್ಣೀರು ಇಳಿಯುತ್ತಿತ್ತು. ಅದು ಹಾಗಲಕಾಯಿಗೋ ಹೆಂಡತಿಗೋ ಎಂದು ವಿಚಾರಿಸುವ ಕೆಲಸ ನನಗೆ ಯಾರೂ ವಹಿಸಿರಲಿಲ್ಲ.

ಹೊರಡುವಾಗ ವಿಮಲಾ ಬಾಗಿಲ ತನಕ ಬಂದರು. ತಮ್ಮ ಕೈಯಿಂದಲೇ ಆಯಿತೆಂದು ಮಗಳಿಗೆ ಗೊತ್ತಾಗುವುದು ಬೇಡ ಎಂದು ಕೇಳಿಕೊಂಡರು. ತಲೆಯಾಡಿಸಿದೆ. ವರದಿಯಲ್ಲಿ ಒಂದು ಸಾಲು ಬಿಟ್ಟರೆ ನನ್ನ ಕಸುಬಿಗೆ ಕಳಂಕ. ನನ್ನ ಕಸುಬು ಅದಕ್ಕಿಂತ ದೊಡ್ಡ ಕಳಂಕಗಳನ್ನು ಅರಗಿಸಿಕೊಂಡಿದೆ.

ಶುಕ್ರವಾರ ಗೀಟು ಚಪ್ಪಟೆಯಿತ್ತು. ಡಾಕ್ಟರು ಎರಡು ವಾರ ಕೊಟ್ಟರು. ಆ ಎರಡು ವಾರದ ಕೊನೆಯ ಏಕಾದಶಿಯೂ ಚಪ್ಪಟೆಯಾಗಿಯೇ ಕಳೆಯಿತು. ಗಾಯದ ಅಂಚು ಒಣಗತೊಡಗಿತು. ಬೆರಳು ಎರಡೂ ಉಳಿದವು.

ಸುದ್ದಿ ಹೇಳಲು ಅಕ್ಷಿತಾ ಫೋನ್ ಮಾಡಿದಳು. ಅತ್ತಳು, ನಕ್ಕಳು, ಆಮೇಲೆ ಬ್ಯಾಂಕಿನ ದನಿ ಬಂತು.

“ಅಂಕಲ್, ಸಪ್ಲೈ ಮಾಡ್ತಿದ್ದೋನ ಹೆಸರು ಹೇಳಿ. ಬಿಡಲ್ಲ ನಾನು, ಕಂಪ್ಲೇಂಟ್ ಕೊಡ್ತೀನಿ.”

“ಬೇಡಮ್ಮ. ಸಿಕ್ಕಿಬಿದ್ದ. ತಪ್ಪು ಒಪ್ಪಿಕೊಂಡ. ಶಿಕ್ಷೆಯೂ ಆಯ್ತು.”

“ಎಷ್ಟು?”

“ಜೀವಾವಧಿ. ದಿನಕ್ಕೆರಡು ಹೊತ್ತು ಹಾಗಲಕಾಯಿ. ಏಕಾದಶಿಗೂ ರಜೆ ಇಲ್ಲ.”